ಬ್ಯೂಗಲ್ ರಾಕ್ ಮೇಲಿನ ಗೋಪುರ ಕೆಂಪೇಗೌಡರ ನಾಲ್ಕು ಗೋಪುರಗಳಲ್ಲಿ ಒಂದೇ?

ಅಲ್ಲ. ಬಸವನಗುಡಿಯ ಉದ್ಯಾನಕ್ಕೆ ಹೊಸದಾಗಿ ಬಂದವರು ಬಂಡೆಯ ಮೇಲಿನ ಗೋಪುರ ಕಂಡೊಡನೆ ಕೇಳುವುದು ಇದನ್ನೇ. ಬೆಂಗಳೂರಿನವರು ಸಾಮಾನ್ಯವಾಗಿ ಎಣಿಸುವ ನಾಲ್ಕು ಗಡಿ ಗೋಪುರಗಳು ಬೇರೆ: ದಕ್ಷಿಣಕ್ಕೆ ಲಾಲ್‌ಬಾಗ್ ಬಂಡೆಯ ಮೇಲಿನದು, ಪಶ್ಚಿಮಕ್ಕೆ ಗವಿಪುರದ ಕೆಂಪಾಂಬುಧಿ ಕೆರೆಯ ಪಕ್ಕದ್ದು, ಪೂರ್ವಕ್ಕೆ ಹಲಸೂರು ಕೆರೆಯ ಹತ್ತಿರದ್ದು, ಉತ್ತರಕ್ಕೆ ಬಳ್ಳಾರಿ ರಸ್ತೆಯ ಮೇಖ್ರಿ ವೃತ್ತದ ಸಮೀಪದ್ದು. ಇವನ್ನು ಒಂದನೇ ಕೆಂಪೇಗೌಡ ಕಟ್ಟಿಸಿದನೋ ಅವನ ಮಗನೋ ಎಂಬ ಜಗಳ ಹಳೆಯದು; ಆದರೆ ಜಾಗಗಳ ಬಗ್ಗೆ ತಕರಾರಿಲ್ಲ.

ನಕ್ಷೆ ಬಿಡಿಸಿ ನೋಡಿದರೂ ಉತ್ತರ ಸಿಗುತ್ತದೆ. ಬ್ಯೂಗಲ್ ರಾಕ್‌ನಿಂದ ಲಾಲ್‌ಬಾಗ್ ಗೋಪುರಕ್ಕೆ ನೇರ ದಾರಿಯಲ್ಲಿ ಸುಮಾರು ಎರಡು ಕಿಲೋಮೀಟರ್ ಅಷ್ಟೇ. ಕೆಂಪಾಂಬುಧಿಯ ಗೋಪುರ ಇನ್ನೂ ಹತ್ತಿರ. ಎರಡು ಗಡಿಗಲ್ಲುಗಳ ನಡುವೆ ಮೂರನೆಯದನ್ನು ಗಡಿಗೆಂದು ಯಾರೂ ನೆಡುವುದಿಲ್ಲ. ಕಾವಲು ಕಟ್ಟೆ ಎಂದರೆ ಒಪ್ಪಬಹುದು. ಸಂಜೆ ಕಾವಲಿನವನು ಇಲ್ಲಿ ಕಹಳೆ ಊದಿ, ಪಂಜು ಎತ್ತಿ, ಉಳಿದ ಗೋಪುರಗಳಿಗೆ ‘ಎಲ್ಲ ಕ್ಷೇಮ’ ಎಂದು ತಿಳಿಸುತ್ತಿದ್ದ ಎಂಬ ಕತೆ ಪ್ರಚಲಿತವಾಗಿದೆ. ಬಂಡೆಗೆ ಹೆಸರು ಬಂದದ್ದೂ ಅದರಿಂದಲೇ ಅನ್ನುತ್ತಾರೆ. ಕತೆಯನ್ನು ಕತೆಯಾಗಿಯೇ ಇಟ್ಟುಕೊಳ್ಳುವುದು ವಾಸಿ. ಆದರೆ ಕಾವಲಿಗೆ ಈ ಜಾಗ ಹೇಳಿ ಮಾಡಿಸಿದಂಥದ್ದು ಎಂಬುದರಲ್ಲಿ ಅನುಮಾನವಿಲ್ಲ.

ಕಾರಣ ನೆಲದಲ್ಲಿದೆ: ಇದು ಏರುನೆಲ. ಈ ಭಾಗದಲ್ಲಿ ನೀರು ಎರಡು ಕಡೆಗೆ ಒಡೆದು ಹರಿಯುತ್ತದೆ. ಪಶ್ಚಿಮದ ಇಳಿಜಾರಿನ ಮಳೆನೀರು ವೃಷಭಾವತಿ ಸೇರಿ, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ, ಲಾಲ್‌ಬಾಗ್ ಕಡೆ ಬಿದ್ದದ್ದು ಕೋರಮಂಗಲದ ಕಣಿವೆ ಹಿಡಿದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಗೆ. ವೃಷಭಾವತಿ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆ ಎಂಬ ನಂಬಿಕೆಯ ಹಿಂದೆ ಇರುವುದೂ ಈ ಏರುನೆಲವೇ. ಇಂದು ಅವಳನ್ನು ನೋಡಿದರೆ ನದಿ ಎನ್ನಲು ಧೈರ್ಯ ಬೇಕು, ಆ ಮಾತು ಬೇರೆ.

ಬಂಡೆಯನ್ನು ಗೋಪುರಕ್ಕಿಂತ ಹೆಚ್ಚು ಹೊತ್ತು ನೋಡಬೇಕು. ಇದು ಪೆನಿನ್ಸುಲಾರ್ ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆ, ವಯಸ್ಸು ಸುಮಾರು 300 ಕೋಟಿ ವರ್ಷ. ಲಾಲ್‌ಬಾಗ್‌ನಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿರುವ ಬಂಡೆಯೂ ಇದೇ ಜಾತಿಯದು. ಈ ಶಿಲೆಗೆ ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್, 1916ರಲ್ಲಿ. ಬಗ್ಗಿ ನೋಡಿದರೆ ತಿಳಿಬೂದು ಮತ್ತು ಕಪ್ಪು ಪಟ್ಟೆಗಳು ಕಾಣುತ್ತವೆ: ತಿಳಿಯದು ಸ್ಫಟಿಕ ಮತ್ತು ಫೆಲ್ಡ್‌ಸ್ಪಾರ್, ಕಪ್ಪು ಅಭ್ರಕದ ಬಗೆಯ ಬಯೊಟೈಟ್. ಕೆಲವೆಡೆ ಮೇಲ್ಪದರ ಈರುಳ್ಳಿ ಸಿಪ್ಪೆಯಂತೆ ಎದ್ದಿರುತ್ತದೆ. ಮೇಲಿದ್ದ ಕಲ್ಲಿನ ಭಾರ ಸವೆದುಹೋದ ಮೇಲೆ ಒಳಗಿನ ಬಂಡೆ ಹಿಗ್ಗಿ ಬಿರಿಯುತ್ತದೆ, ಬಿಸಿಲು ಮಳೆ ಉಳಿದ ಕೆಲಸ ಮಾಡುತ್ತವೆ. ಎದ್ದ ಪದರವನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಅಂಥ ಅಂಚಿನ ಮೇಲೆ ಕಾಲಿಡಬೇಡಿ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ, ನುಣುಪು ಅಟ್ಟೆಯ ಚಪ್ಪಲಿ ಬೇಡ.

ಉದ್ಯಾನಕ್ಕೆ ಅಂಟಿಕೊಂಡೇ ದೊಡ್ಡ ಗಣಪತಿ, ದೊಡ್ಡ ಬಸವಣ್ಣನ ಗುಡಿಗಳು. ಸುಮಾರು 15 ಅಡಿ ಎತ್ತರದ ಬಸವಣ್ಣ ಏಕಶಿಲೆ. ಕರ್ರಗೆ ಹೊಳೆಯುವುದು ಶತಮಾನಗಳಿಂದ ಹಚ್ಚಿದ ಎಣ್ಣೆ ಬೆಣ್ಣೆಗಳಿಂದ. ಗುಡಿ ಕಟ್ಟಿದ್ದು 1537ರಲ್ಲಿ ಕೆಂಪೇಗೌಡ ಎನ್ನುತ್ತಾರೆ. ಸುಂಕೇನಹಳ್ಳಿಯ ಸುತ್ತ ಬೆಳೆದ ಕಡಲೆಕಾಯಿಯನ್ನು ಬಸವ ತಿನ್ನುತ್ತಿದ್ದ, ಅವನನ್ನು ಸಮಾಧಾನ ಮಾಡಲು ರೈತರು ಮೊದಲ ಫಸಲು ಅರ್ಪಿಸಿದರು ಎಂಬುದು ಇಲ್ಲಿ ನಡೆಯುವ ಕಡಲೆಕಾಯಿ ಪರಿಷೆಯ, ಅಂದರೆ ಜಾತ್ರೆಯ, ಮೂಲಕತೆ. ಇಲ್ಲೊಂದು ತೊಡಕಿದೆ. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ. ಕೊಲಂಬಸ್ ಆ ಕಡೆ ಹೋದ ಮೇಲೆಯೇ ಅದು ಇತ್ತ ಹಡಗು ಹತ್ತಿದ್ದು. 1537ಕ್ಕೆಲ್ಲ ಬೆಂಗಳೂರಿನ ಹೊಲಗಳಲ್ಲಿ ತುಂಬಿತ್ತು ಎಂದರೆ ನಂಬುವುದು ಕಷ್ಟ. ಕತೆಗೆ ಕಡಲೆಕಾಯಿ ಆಮೇಲೆ ಸೇರಿರಬೇಕು.

ಸುತ್ತಲಿನ ಬಡಾವಣೆಯಂತೂ ಗುಡಿಗಿಂತ ತೀರಾ ಚಿಕ್ಕ ವಯಸ್ಸಿನದು. 1898ರ ಪ್ಲೇಗ್ ಹಳೇ ಪೇಟೆಯ ಇಕ್ಕಟ್ಟಿನಲ್ಲಿ ಹಬ್ಬಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅಗಲ ರಸ್ತೆ, ಮನೆಯ ಸುತ್ತ ಜಾಗ, ಸಾಲುಮನೆಗಳ ಹಿಂದೆ ಕಕ್ಕಸು ಶುಚಿ ಮಾಡುವವರು ಓಡಾಡಲು ಕಿರಿದಾದ ಕನ್ಸರ್ವೆನ್ಸಿ ಗಲ್ಲಿ. ಹಳೆಯ ಬೀದಿಗಳ ಹಿಂಬದಿಯಲ್ಲಿ ಎಲ್ಲಿಗೂ ಹೋಗದಂತೆ ಕಾಣುವ ಸಂದು ಸಿಕ್ಕರೆ ಅದೇ ಇದು ಇರಬಹುದು.

ಹೋಗುವವರಿಗೆ: ಹಸಿರು ಮಾರ್ಗದ ನ್ಯಾಷನಲ್ ಕಾಲೇಜ್ ಮೆಟ್ರೊ ನಿಲ್ದಾಣದಲ್ಲಿ ಇಳಿದು, ಟ್ಯಾಗೋರ್ ವೃತ್ತದಿಂದ ಗಾಂಧಿ ಬಜಾರ್ ಹಿಡಿದು ರಾಮಕೃಷ್ಣ ಆಶ್ರಮದವರೆಗೆ ನಡೆದು, ಬುಲ್ ಟೆಂಪಲ್ ರಸ್ತೆಗೆ ಎಡಕ್ಕೆ ತಿರುಗಿ. ಕಾರ್ತಿಕದ ಕಡೇ ಸೋಮವಾರದ ಆಸುಪಾಸು ಪರಿಷೆಯ ಜನಸಂದಣಿ. ಗೋಪುರ, ಬಂಡೆ ನೋಡುವ ಉದ್ದೇಶವಿದ್ದರೆ ಆ ವಾರ ಬಿಟ್ಟುಬಿಡಿ. ಮೇಲೆ ನಿಂತರೆ ಲಾಲ್‌ಬಾಗ್ ಗೋಪುರ ಕಂಡೀತು ಎಂದುಕೊಳ್ಳಬೇಡಿ, ಮರ ಮತ್ತು ಕಟ್ಟಡಗಳು ಅಡ್ಡ. ನಿಜವಾದ ಗಡಿ ಗೋಪುರ ನೋಡಲೇಬೇಕೆಂದಿದ್ದರೆ ಅದೇ ಬೆಳಿಗ್ಗೆ ಕೆಂಪಾಂಬುಧಿಗೆ ನಡೆದು ಹೋಗಬಹುದು, ದಾರಿಯಲ್ಲೇ ಗವಿ ಗಂಗಾಧರೇಶ್ವರ ಗುಡಿಯೂ ಸಿಗುತ್ತದೆ. ಹಲಸೂರಿನದು ಸೇನೆಯ ಜಾಗದಲ್ಲಿರುವುದರಿಂದ ಅದನ್ನು ಪಟ್ಟಿಯ ಕೊನೆಗಿಟ್ಟುಕೊಳ್ಳಿ.