ಮಳೆನಾಡಿನ ಹಗೇವು, ಹೊಗೆಗಂಡಿಯಿಲ್ಲದ ಮನೆ: ಬಟ್ಸರ್ ಹೊಲದ ಹಿನ್ನೆಲೆ

ಕಬ್ಬಿಣ ಯುಗದ ಬ್ರಿಟನ್ನಿನ ಜನ ನೆಲದಲ್ಲಿ ಗುಂಡಿ ತೋಡಿ ಅದರೊಳಗೇ ಬದುಕುತ್ತಿದ್ದರು ಎಂಬ ನಂಬಿಕೆ 1930ರ ದಶಕದಲ್ಲೂ ಗಟ್ಟಿಯಾಗಿತ್ತು. ದಕ್ಷಿಣ ಇಂಗ್ಲೆಂಡಿನ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಅಗೆದಾಗ ಸಿಗುತ್ತಿದ್ದುದು ಆಳದ ಗುಂಡಿಗಳು, ಅವುಗಳಲ್ಲಿ ಮೂಳೆ, ಮಡಕೆ ಚೂರು, ಬೂದಿ. 1938–39ರಲ್ಲಿ ಸಾಲಿಸ್‌ಬರಿ ಬಳಿಯ ಲಿಟಲ್ ವುಡ್‌ಬರಿಯಲ್ಲಿ ಉತ್ಖನನ ನಡೆಸಿದ ಗೆರ್ಹಾರ್ಡ್ ಬೆರ್ಸು ಈ ನಂಬಿಕೆಯನ್ನು ಕೆಡವಿದರು. ನಾಜಿಗಳು ಹುದ್ದೆಯಿಂದ ಕಿತ್ತುಹಾಕಿದ್ದ ಜರ್ಮನ್ ವಿದ್ವಾಂಸ ಅವರು. ವೃತ್ತಾಕಾರವಾಗಿ ಕೂಡಿಬಂದ ಚಿಕ್ಕ ಗುಣಿಗಳು ಕಂಬ ನೆಟ್ಟ ಗುರುತು, ಅಲ್ಲಿದ್ದದ್ದು ದೊಡ್ಡ ಗುಂಡುಮನೆ, ಆಳದ ಗುಂಡಿಗಳು ಕಾಳು ತುಂಬಿಡುವ ಜಾಗ ಎಂದು ತೋರಿಸಿದರು.

ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅದು ಹಗೇವು. ಆದರೆ ಪದೇ ಪದೇ ಮಳೆ ಹನಿಯುವ ಆ ನಾಡಿನಲ್ಲಿ ಹಗೇವಿನ ಕಾಳು ಕೊಳೆಯದೆ ಉಳಿದೀತೆ? ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಇಂಥ ಪ್ರಶ್ನೆಗಳನ್ನು ಹೊಲದಲ್ಲೇ ಪರೀಕ್ಷಿಸಲೆಂದು 1972ರಲ್ಲಿ ಹ್ಯಾಂಪ್‌ಶೈರಿನ ಬಟ್ಸರ್ ಗುಡ್ಡದ ಒಂದು ಚಾಚಿನ ಮೇಲೆ ಕಬ್ಬಿಣ ಯುಗದ ರೀತಿಯ ಪ್ರಯೋಗದ ಹೊಲವೊಂದು ಶುರುವಾಯಿತು. ಪೀಟರ್ ರೆನಾಲ್ಡ್ಸ್ ಅದರ ನಿರ್ದೇಶಕರಾದರು.

ಗುಂಡಿ ತೋಡಿ, ಕಾಳು ತುಂಬಿ, ಬಾಯಿಗೆ ಹಸಿ ಜೇಡಿಮಣ್ಣು ಮೆತ್ತಿ, ಮೇಲೆ ಮಣ್ಣೆಳೆದರು. ಗೋಡೆಗೂ ಮುಚ್ಚಳಕ್ಕೂ ತಾಗಿದ ಕಾಳು ತೇವ ಹೀರಿ ಮೊಳಕೆಯೊಡೆಯುತ್ತದೆ. ಒಳಗಿನ ಆಮ್ಲಜನಕವನ್ನೆಲ್ಲ ಅದೇ ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಗಾಳಿ ಕೆಟ್ಟ ಮೇಲೆ ಮೊಳಕೆಯೂ ನಿಲ್ಲುತ್ತದೆ, ಹುಳವೂ ಬದುಕುವುದಿಲ್ಲ. ಅಂಚಿನ ಒಂದು ತೆಳು ಪದರ ಹಾಳು, ಉಳಿದದ್ದು ಚೆನ್ನ. ವಸಂತದಲ್ಲಿ ತೆಗೆದ ಕಾಳು ಬಿತ್ತನೆಗೂ ಬಂತು. ಹೊಸದಾಗಿ ತೆರೆದ ಹಗೇವಿಗೆ ತಕ್ಷಣ ಇಳಿಯಬಾರದು ಎಂದು ನಮ್ಮ ಹಿರಿಯರು ಹೇಳುವುದೂ ಇದೇ ಗಾಳಿಗೆ ಹೆದರಿ.

ಕೆಡುವುದು ಎರಡು ಕಾರಣಕ್ಕೆ. ಮುಚ್ಚಳ ಬಿರುಕುಬಿಟ್ಟು ಮಳೆನೀರು ಇಳಿದರೆ ಮೊಳಕೆ ನಿಲ್ಲುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಇಲ್ಲವೇ ತೆರೆದು ಸ್ವಲ್ಪವೇ ತೆಗೆದು ಮತ್ತೆ ಮುಚ್ಚಿದರೆ, ಒಳಹೊಕ್ಕ ಗಾಳಿಗೆ ಎಲ್ಲವೂ ಮತ್ತೆ ಶುರು. ಹಾಗಾಗಿ ತೆರೆದ ಗುಂಡಿಯನ್ನು ಒಂದೇ ಸಲಕ್ಕೆ ಬರಿದು ಮಾಡಬೇಕು. ದಿನದ ಅಡುಗೆಗಿಂತ ಬಿತ್ತನೆ ಬೀಜಕ್ಕೋ ಮಾರಾಟಕ್ಕೋ ಇದು ಹೊಂದುತ್ತದೆ. ಒಮ್ಮೆ ಬಳಸಿದ ಗುಂಡಿಯನ್ನೇ ವರ್ಷಗಟ್ಟಲೆ ಮತ್ತೆ ತುಂಬಬಹುದೆಂದೂ ಗೊತ್ತಾಯಿತು. ಗುಂಡಿಗಳನ್ನು ಎಣಿಸಿ ಊರಿನ ಜನಸಂಖ್ಯೆ ಲೆಕ್ಕ ಹಾಕುತ್ತಿದ್ದವರಿಗೆ ಇದು ಸಣ್ಣ ಪೆಟ್ಟಲ್ಲ. ಅಂದಹಾಗೆ ಅಲ್ಲಿ ಬೆಳೆದ ಎಮ್ಮರ್ ಗೋಧಿ ನಮ್ಮ ಜವೆಗೋಧಿಯ ಜಾತಿಯದೇ.

ಜನರಿಗೆ ಬಾಗಿಲು ತೆರೆದದ್ದು 1976ರಲ್ಲಿ, ಬೇರೊಂದು ಜಾಗದಲ್ಲಿ. ಪ್ರಯೋಗದ ಹೊಲಕ್ಕೆ ಸಂತೆಯ ಜನ ನುಗ್ಗಿದರೆ ಅಳತೆಗಳು ಉಳಿಯುವುದಿಲ್ಲವಲ್ಲ. ಡಾರ್ಸೆಟ್‌ನ ಪಿಂಪರ್ನ್‌ನಲ್ಲಿ ಸಿಕ್ಕ ಕಂಬದ ಗುಣಿಗಳ ನಕ್ಷೆಯನ್ನೇ ಹಿಡಿದು 12.8 ಮೀಟರ್ ಅಡ್ಡಳತೆಯ ಗುಂಡುಮನೆ ಎದ್ದಿತು. ಅದಕ್ಕೆ 200ಕ್ಕೂ ಹೆಚ್ಚು ಮರ ಬಿದ್ದವು. ಹುಲ್ಲಿನ ಚಾವಣಿಗೆ ಸುಮಾರು 45 ಡಿಗ್ರಿ ಇಳಿಜಾರು. ಇಳಿಜಾರು ಕಮ್ಮಿಯಾದರೆ ನೀರು ಜಾರದೆ ಹುಲ್ಲು ಕೊಳೆಯುತ್ತದೆ.

ಹೊಗೆ ಎಲ್ಲಿಂದ ಹೋಗುತ್ತದೆ? ಒಳಗೆ ಕಾಲಿಟ್ಟವರಿಗೆ ಹೊಳೆಯುವ ಸಹಜ ಪ್ರಶ್ನೆ. ಹಳೆಯ ಚಿತ್ರಗಳಲ್ಲೆಲ್ಲ ಚಾವಣಿಯ ತುದಿಯಲ್ಲಿ ಹೊಗೆಗಂಡಿ ಇರುತ್ತಿತ್ತು. ಗಂಡಿ ಬಿಟ್ಟರೆ ಗಾಳಿ ಮೇಲಕ್ಕೆ ಎಳೆದು, ಒಲೆಯ ಕಿಡಿ ನೇರ ಹುಲ್ಲಿಗೆ ಹಾರುತ್ತದೆ. ಗಂಡಿಯೇ ಇಲ್ಲದಿದ್ದರೆ ಹೊಗೆ ತಲೆಯ ಮೇಲೆ ದಟ್ಟವಾಗಿ ನಿಂತು ಹುಲ್ಲಿನ ಸಂದುಗಳಿಂದ ಮೆಲ್ಲಗೆ ಸೋರಿಹೋಗುತ್ತದೆ. ಮೇಲೆದ್ದ ಕಿಡಿ ಆ ಹೊಗೆಯಲ್ಲೇ ಆರುತ್ತದೆ. ಮಾಂಸ ತೂಗುಹಾಕಲೂ ಒಳ್ಳೆಯ ಜಾಗ.

1990ರಲ್ಲಿ ಆ ಮನೆಯನ್ನು ಬಿಚ್ಚಿದಾಗ ಕಂಡದ್ದು ಕಟ್ಟಿದಾಗ ಕಲಿತದ್ದಕ್ಕಿಂತ ಹೆಚ್ಚು ಬೆಲೆಬಾಳುವಂಥದ್ದು. ಕಂಬಗಳ ಬುಡ ಮಣ್ಣಿನೊಳಗೆ ಕೊಳೆತು ಹೋಗಿದ್ದರೂ ಮನೆ ನಿಂತೇ ಇತ್ತು, ಏಕೆಂದರೆ ಭಾರವನ್ನು ಹಂಚಿಕೊಂಡಿದ್ದು ಮೇಲಿನ ಬಳೆಯಂಥ ತೊಲೆಕಟ್ಟು. ಜನ ವಾಸವಿದ್ದಾಗಲೇ ಟೊಳ್ಳಾದ ಗುಣಿಗೆ ಕಸ ಬೀಳುತ್ತದೆಂದರೆ, ಗುಣಿಯಲ್ಲಿ ಸಿಕ್ಕ ಮಡಕೆ ಚೂರು ಮನೆ ಕಟ್ಟಿದ ಕಾಲವನ್ನು ಹೇಳುತ್ತದೆಂಬ ಭರವಸೆ ಇಟ್ಟುಕೊಳ್ಳುವಂತಿಲ್ಲ. ರೆನಾಲ್ಡ್ಸ್ ‘ಪುನರ್ನಿರ್ಮಾಣ’ ಎಂಬ ಮಾತನ್ನೇ ಒಪ್ಪುತ್ತಿರಲಿಲ್ಲ. ಸಾಕ್ಷ್ಯ ಇರುವುದು ಗುಣಿಗೆ ಮಾತ್ರ. ಅದರ ಮೇಲಿನದೆಲ್ಲ ಊಹೆಯ ಕಟ್ಟಡ.

1991ರಲ್ಲಿ ಹೊಲ ಚಾಲ್ಟನ್ ಹಳ್ಳಿಯ ಹತ್ತಿರಕ್ಕೆ ಬಂತು. ಪ್ರಯೋಗವೂ ಪ್ರವಾಸಿಗರೂ ಈಗ ಒಂದೇ ಬೇಲಿಯೊಳಗೆ. ಶಾಲೆಯ ಮಕ್ಕಳು ತಡಿಕೆ ಹೆಣೆಯುತ್ತಾರೆ, ಮಣ್ಣು ಮೆತ್ತುತ್ತಾರೆ. ಮಣ್ಣಿಗೆ ಕತ್ತರಿಸಿದ ಹುಲ್ಲು, ಸಗಣಿ ಸೇರಿಸಿ ತುಳಿಯಬೇಕು. ನೀರು ಜಾಸ್ತಿಯಾದರೆ ಒಣಗುವಾಗ ಮೈತುಂಬ ಬಿರುಕು. ಹುಲ್ಲು ಕಮ್ಮಿಯಾದರೆ ಹೆಂಟೆ ಹೆಂಟೆಯಾಗಿ ಉದುರುತ್ತದೆ. ಬೆರಳಿನಿಂದ ಒತ್ತಿದಾಗ ತಡಿಕೆಯ ಸಂದಿನಲ್ಲಿ ಮಣ್ಣು ಹೊಕ್ಕು ಆಚೆ ಬದಿಯಲ್ಲಿ ಕಚ್ಚಿಕೊಳ್ಳಬೇಕು, ಬರಿದೆ ಮೇಲೆ ಬಳಿದರೆ ನಿಲ್ಲದು.

ಜನ ಕಿಕ್ಕಿರಿಯುವುದು ಮಾತ್ರ ಮೇ ತಿಂಗಳ ಆರಂಭದ ಸುಮಾರಿಗೆ ನಡೆಯುವ ಬೆಲ್ಟೇನ್ ಬೆಂಕಿ ಹಬ್ಬಕ್ಕೆ. ಕೊಂಬೆಗಳಿಂದ ಹೆಣೆದ ಎತ್ತರದ ಮನುಷ್ಯನ ಪ್ರತಿಮೆಯನ್ನು ಅಂದು ಸಂಜೆ ಸುಡುತ್ತಾರೆ. ಇಂಥ ಪ್ರತಿಮೆಯ ಬಗ್ಗೆ ಜೂಲಿಯಸ್ ಸೀಸರ್ ಬರೆದದ್ದು ಗಾಲ್ ದೇಶದ, ಅಂದರೆ ಸರಿಸುಮಾರು ಇಂದಿನ ಫ್ರಾನ್ಸಿನ ಸಂಗತಿ, ಬ್ರಿಟನ್ನಿನದಲ್ಲ. ನೆಲದೊಳಗೆ ಅದಕ್ಕೊಂದು ಗುಣಿಯ ಸಾಕ್ಷಿಯೂ ಇಲ್ಲ. ಒಂದೊಂದು ಗುಣಿಗೂ ಲೆಕ್ಕ ಕೇಳಿದ ಹೊಲದಲ್ಲಿ ಈ ಹಬ್ಬ ಹಬ್ಬವಷ್ಟೇ. ಪುರಾವೆ ನೋಡಬೇಕೆಂದವರು ಬೆಂಕಿಗೆ ಬೆನ್ನುಹಾಕಿ ಗುಂಡುಮನೆಯೊಳಗೆ ಹೋಗಿ ತಲೆಯೆತ್ತಿ ಹೊಗೆ ನೋಡಬೇಕು.