ಹಾಲು ಒಡೆಯುವ ಮೊದಲು

2020ರ ಮಾರ್ಚ್ 25ರಿಂದ ಕೊರೊನಾ ಲಾಕ್‌ಡೌನ್‌ಗೆ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಹೋಟೆಲ್ ಇಲ್ಲ, ಮದುವೆ ಇಲ್ಲ, ಬೇಕರಿ ಇಲ್ಲ. ಆದರೆ ಮದ್ದೂರು, ಮಳವಳ್ಳಿಯ ಕೊಟ್ಟಿಗೆಗಳಲ್ಲಿ ಎರಡು ಹೊತ್ತೂ ಹಾಲು ಕರೆಯಲೇಬೇಕಿತ್ತು. ಮಂಡ್ಯದ ಕಡೆ ಕಬ್ಬಿನ ದುಡ್ಡು ಬರುವುದು ಯಾವಾಗಲೋ. ಮನೆಖರ್ಚಿಗೆ ಆಗುವುದು ಡೇರಿ ಬಟವಾಡೆಯೇ ಅಲ್ವಾ?

ಆ ಏಪ್ರಿಲ್‌ನಲ್ಲಿ ಅಮೆರಿಕ, ಬ್ರಿಟನ್‌ನ ಎಷ್ಟೋ ರೈತರು ಹಾಲು ಚೆಲ್ಲಿದರು. ಶಾಲೆ, ಹೋಟೆಲ್‌ಗಳಿಗೆಂದೇ ದೊಡ್ಡ ಪ್ಯಾಕ್ ತುಂಬುತ್ತಿದ್ದ ಯಂತ್ರಗಳು ಮನೆಬಳಕೆಯ ಪ್ಯಾಕ್‌ಗೆ ತಕ್ಷಣ ಒಗ್ಗಲಿಲ್ಲ. ನಮ್ಮ ರಾಜ್ಯದಲ್ಲೂ ಮೊದಲ ದಿನಗಳಲ್ಲಿ ಅಲ್ಲಲ್ಲಿ ಹಾಲು ಮಣ್ಣುಪಾಲಾಯಿತು. ಆಮೇಲೆ ಸರ್ಕಾರವೇ ಉಳಿಕೆ ಹಾಲು ಕೊಂಡು ಬಡವರಿಗೆ ಉಚಿತವಾಗಿ ಹಂಚಿತು. ಮಿಕ್ಕಿದ್ದು ಹಾಲನ್ನು ಪುಡಿ ಮಾಡುವ ಪೌಡರ್ ಘಟಕ ಸೇರಿತು.

ಹಾಲಿನಲ್ಲಿ ಶೇ. 87ರಷ್ಟು ನೀರೇ. ಬಿಸಿಲ ಹೊತ್ತಲ್ಲಿ ಹಾಗೇ ಇಟ್ಟರೆ ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ಎರಡರಷ್ಟಾಗಬಲ್ಲದು. ಅದಕ್ಕೇ ಮೊದಲು 4 ಡಿಗ್ರಿಗೆ ತಂಪು ಮಾಡುತ್ತಾರೆ. ಆಮೇಲೆ ಕೆನೆ ತೆಗೆದು, ಗಾಳಿಯ ಒತ್ತಡ ತಗ್ಗಿಸಿದ ಪಾತ್ರೆಯಲ್ಲಿ ಕಾಯಿಸುತ್ತಾರೆ. ಒತ್ತಡ ಕಡಿಮೆಯಾದರೆ ನೀರು 60–70 ಡಿಗ್ರಿಗೇ ಕುದಿಯುತ್ತದೆ, ಹಾಲು ಸೀಯುವುದಿಲ್ಲ. ಹೀಗೆ ಗಟ್ಟಿಯಾದ ಹಾಲನ್ನು ಎತ್ತರದ ಗೋಪುರದೊಳಗೆ ಮಂಜಿನ ಹಾಗೆ ಚಿಮ್ಮಿಸಿದರೆ, ಬಿಸಿಗಾಳಿಗೆ ಹನಿಗಳು ಕೆಲವೇ ಸೆಕೆಂಡಿನಲ್ಲಿ ಒಣಗಿ ಪುಡಿಯಾಗಿ ಉದುರುತ್ತವೆ. 100 ಲೀಟರ್ ಕೆನೆರಹಿತ ಹಾಲಿಗೆ ಸುಮಾರು 9 ಕಿಲೋ ಪುಡಿ. ಒಂದು ದಿನವೂ ತಡೆಯದ ಹಾಲು ಈಗ ತಿಂಗಳುಗಟ್ಟಲೆ ಕೆಡುವುದಿಲ್ಲ.

2020ರ ಏಪ್ರಿಲ್–ಜೂನ್‌ನಲ್ಲಿ ದೇಶದ ಒಟ್ಟು ಉತ್ಪನ್ನ (ಜಿಡಿಪಿ) ಹಿಂದಿನ ವರ್ಷಕ್ಕಿಂತ ಸುಮಾರು ಕಾಲು ಭಾಗ ಕುಸಿಯಿತು. ಹೈನುಗಾರಿಕೆಯೂ ಸೇರಿದ ಕೃಷಿ ವಲಯ ಮಾತ್ರ ಶೇ. 3ಕ್ಕಿಂತ ಜಾಸ್ತಿ ಬೆಳೆಯಿತು. ನನ್ನ ಮಟ್ಟಿಗೆ ಇಂಥ ಕಷ್ಟಕಾಲದ ನಾಯಕತ್ವ ಅಂದರೆ ಆ ಹೊತ್ತಿನ ಘೋಷಣೆಗಳಿಗಿಂತ ಹೆಚ್ಚಾಗಿ, ಹಿಂದೆಯೇ ಕಟ್ಟಿಟ್ಟ ಹಳ್ಳಿಯ ಹಾಲು ಸಂಘ, ಶೀತಲ ಕೇಂದ್ರ, ಪೌಡರ್ ಘಟಕ. ಸುಗ್ಗಿಯ ದಿನಗಳಲ್ಲಿ ಇವನ್ನು ದಂಡದ ಖರ್ಚು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ.

ಆದರೆ ಪೌಡರ್ ಘಟಕ ರೈತರನ್ನು ಕಾಪಾಡುವುದು ಕೊಳ್ಳುವವರು ಕಡಿಮೆಯಾದಾಗ ಮಾತ್ರ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಹಸುವಿನ ಮೈಯೇ ಸೊರಗಿತು, ಕರೆಯಲು ಹಾಲೇ ಕಡಿಮೆಯಾಯಿತು. ಆಗ ಕೆಲಸಕ್ಕೆ ಬಂದದ್ದು ಮೇಕೆ ಸಿಡುಬಿನ ಲಸಿಕೆ. ಎರಡೂ ವೈರಸ್‌ಗಳು ಒಂದೇ ಕುಲದವು, ಹಾಗಾಗಿ ಒಂದರ ಲಸಿಕೆ ಇನ್ನೊಂದಕ್ಕೂ ಅಷ್ಟಿಷ್ಟು ತಡೆಯೊಡ್ಡುತ್ತದೆ. ಆ ಲಸಿಕೆ ಹಿಡಿದು ಕೊಟ್ಟಿಗೆಗೆ ಬರಲು ಪಶುವೈದ್ಯರು ಬೇಕು. ಮುಂದಿನ ರೋಗ ಬರುವ ಮೊದಲು ಅವರ ಖಾಲಿ ಹುದ್ದೆಗಳು ತುಂಬಬೇಕು.