ಅಟ್ಟದ ಕೊಬ್ಬರಿ, ಬಾವಿಯ ಗ್ಯಾಸು

ತುಮಕೂರಿನಲ್ಲಿ ಮನೆಗೆ ಪೈಪ್ ಗ್ಯಾಸ್ ಜೋಡಿಸಲು ಹೋದರೆ ನನಗೆ ಮೊದಲು ಎದುರಾಗುವ ಮಾತು: "ಅದೇ ಸಿಲಿಂಡರ್ ಗ್ಯಾಸ್ ತಾನೆ? ಈಗ ನಲ್ಲೀಲಿ ಬರುತ್ತೆ, ಅಷ್ಟೇ ಅಲ್ವಾ?" ಅಲ್ಲ. ಅದೇ ಆಗಿದ್ದರೆ ಒಲೆಯ ಜೆಟ್ ಬಿಚ್ಚಿ, ತೂತು ದೊಡ್ಡದಿರುವ ಇನ್ನೊಂದನ್ನು ಹಾಕುವ ಕೆಲಸವೇ ಇರುತ್ತಿರಲಿಲ್ಲ. ಎರಡೂ ಒಂದೇ ಬಾವಿಯ ಮಕ್ಕಳಿರಬಹುದು. ಆದರೆ ದಾರಿಯಲ್ಲಿ ಪಾಲಾಗಿ ಬೇರೆ ಬೇರೆ ಮನೆ ಮಾಡಿಕೊಂಡಿವೆ. ಆ ಪಾಲು ನಡೆಯುವುದು ಸಂಸ್ಕರಣಾ ಘಟಕದಲ್ಲಿ. ಈ ಊರಿಗೆ ಬರುವ ಮುಂಚೆ ನಾನು ಪಶ್ಚಿಮ ಕರಾವಳಿಯ ಅಂಥದ್ದೊಂದು ಘಟಕದಲ್ಲಿ ಕೆಲವು ವರ್ಷ ಪಾಳಿ ಮಾಡಿದ್ದೇನೆ.

ಬಾವಿಯಿಂದ ಉಕ್ಕಿ ಬರುವುದು ಕೊಳಕು ಸರಕು. ಮೀಥೇನ್ ಜೊತೆಗೆ ಈಥೇನ್, ಪ್ರೊಪೇನ್, ಬ್ಯೂಟೇನ್, ಉಪ್ಪುನೀರು, ಮರಳು, ಪೆಟ್ರೋಲಿನಂಥ ಕಂಡೆನ್ಸೇಟ್, ಇಂಗಾಲದ ಡೈಆಕ್ಸೈಡ್, ಕೆಲವು ಬಾವಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಕೂಡ. ನೀರು, ಎಣ್ಣೆ ಸೆಪರೇಟರ್ ಎಂಬ ದೊಡ್ಡ ತೊಟ್ಟಿಯ ತಳಕ್ಕೆ ತಾವಾಗಿಯೇ ಇಳಿಯುತ್ತವೆ. ತಲೆನೋವು ಶುರುವಾಗುವುದು ಆಮೇಲೆ.

ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ. ನಾತ ಬರುತ್ತಿದ್ದರೆ ಇನ್ನೂ ಬದುಕಿದ್ದೀರಿ ಎಂದರ್ಥ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 100 ಪಾಲು ಮುಟ್ಟಿತೆಂದರೆ ಮೂಗೇ ಸತ್ತುಹೋಗುತ್ತದೆ, ವಾಸನೆ ನಿಂತಿತೆಂದು ಮುಂದೆ ನಡೆದವನು ಬೀಳುತ್ತಾನೆ. ಎತ್ತರದ ಗೋಪುರದಲ್ಲಿ ಮೇಲಿನಿಂದ ಅಮೀನ್ ದ್ರಾವಣ ಸುರಿಸಿ, ಕೆಳಗಿನಿಂದ ಗ್ಯಾಸ್ ಹಾಯಿಸಿ, ಇದನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿಸುತ್ತೇವೆ. ಹಿಡಿದ ಸಲ್ಫೈಡಿನಲ್ಲಿ ಮೂರನೇ ಒಂದು ಪಾಲನ್ನು ಸುಟ್ಟು ಉಳಿದದ್ದರ ಜೊತೆ ಬೆರೆಸಿದರೆ ಹಳದಿ ಗಂಧಕ ಸಿಗುತ್ತದೆ. ಜಗತ್ತಿನ ಬಹುಪಾಲು ಗಂಧಕ ಈಗ ಹೀಗೆ ತೈಲ, ಗ್ಯಾಸ್ ಶುದ್ಧಿಯಿಂದಲೇ ಬರುವುದು. ಪಕ್ಕದ ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳಲ್ಲಿ ಬೂದಿ ರೋಗಕ್ಕೆ ಹೊಡೆಯುವ ಗಂಧಕದ ಮೂಲವೂ ಅಲ್ಲೇ ಇದ್ದೀತು.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಶತ್ರು ನೀರಿನ ಆವಿ. ತಿಪಟೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಲೊಟಲೊಟ ಅನ್ನುವವರೆಗೂ ಕಾಯುತ್ತಾರೆ. ಆತುರಪಟ್ಟು ಒಡೆದರೆ ಉಂಡೆ ಕೊಬ್ಬರಿಗೆ ಬೂಷ್ಟು. ಗ್ಯಾಸಿನಲ್ಲಿ ನೀರುಳಿದರೆ ಬೂಷ್ಟು ಹಿಡಿಯುವುದಿಲ್ಲ, ನೀರೂ ಗ್ಯಾಸೂ ಸೇರಿದ, ಮಂಜುಗಡ್ಡೆಯಂಥ ಹೈಡ್ರೇಟ್ ಕಟ್ಟುತ್ತದೆ. ಒತ್ತಡ ಜಾಸ್ತಿಯಿದ್ದರೆ ಸೊನ್ನೆ ಡಿಗ್ರಿಗಿಂತ ಮೇಲೂ ಕಟ್ಟುತ್ತದೆ. ಚಳಿಗಾಲದಲ್ಲಿ ಪೈಪು ಮುಚ್ಚಿಕೊಳ್ಳಲು ಕಾರಣ ಬರೀ ಮಂಜುಗಡ್ಡೆಯಲ್ಲ, ಈ ಹೈಡ್ರೇಟ್ ಎಂದು ಅಮೆರಿಕದ ಹ್ಯಾಮರ್‌ಶ್ಮಿಟ್ 1934ರಲ್ಲಿ ತೋರಿಸಿಕೊಟ್ಟರು. ಹಾಗಾಗಿ ಟ್ರೈಈಥಿಲೀನ್ ಗ್ಲೈಕಾಲ್ ಎಂಬ ಜಿಗುಟು ದ್ರವದಲ್ಲಿ ಗ್ಯಾಸನ್ನು ಹಾಯಿಸಿ ಒಣಗಿಸುತ್ತೇವೆ. ನೀರು ಕುಡಿದ ಗ್ಲೈಕಾಲನ್ನು 200 ಡಿಗ್ರಿ ಆಸುಪಾಸಿಗೆ ಕಾಯಿಸಿ ನೀರು ಬಿಡಿಸಿದರೆ ಅದೇ ಗ್ಲೈಕಾಲ್ ಮತ್ತೆ ಕೆಲಸಕ್ಕೆ. ಗ್ಯಾಸನ್ನು ದ್ರವವಾಗಿಸಿ ಹಡಗಿಗೆ ತುಂಬುವುದಿದ್ದರೆ ಇಷ್ಟು ಒಣಗಿದರೂ ಸಾಲದು. ಆಗ ಮಾಲಿಕ್ಯುಲರ್ ಸೀವ್, ಅಂದರೆ ಅತಿ ಸಣ್ಣ ತೂತುಗಳಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುವ ಹರಳು, ಬೇಕು.

ಪಾದರಸದ ಮಾತು ಬಿಟ್ಟೆ. ಇರುವುದು ಕಣದಷ್ಟು, ಅದೂ ಎಲ್ಲ ಬಾವಿಯಲ್ಲಲ್ಲ. ಆದರೆ 1973ರಲ್ಲಿ ಅಲ್ಜೀರಿಯಾದ ಸ್ಕಿಕ್ಡಾದಲ್ಲಿ, ಗ್ಯಾಸನ್ನು ದ್ರವವಾಗಿಸುವ ಘಟಕದಲ್ಲಿ, ಅದು ಅಲ್ಯೂಮಿನಿಯಂ ಶಾಖ ವಿನಿಮಯಕವನ್ನೇ ತಿಂದುಹಾಕಿತು. ಅಲ್ಲಿಂದೀಚೆಗೆ ಯಾರೂ ಅದನ್ನು ಕಡೆಗಣಿಸುವುದಿಲ್ಲ.

ಇನ್ನು ಪಾಲು. ಒಣಗಿದ ಗ್ಯಾಸನ್ನು ಚಳಿಗೆ ಒಡ್ಡಿದರೆ ಭಾರದವು ಮೊದಲು ಹನಿಯಾಗುತ್ತವೆ. ಬ್ಯೂಟೇನ್ ಸೊನ್ನೆಯ ಹತ್ತಿರ ಕುದಿಯುತ್ತದೆ, ಪ್ರೊಪೇನ್ ಮೈನಸ್ 42ರಲ್ಲಿ, ಈಥೇನ್ ಮೈನಸ್ 89ರಲ್ಲಿ, ಮೀಥೇನ್ ಮೈನಸ್ 162ರಲ್ಲಿ. ಪ್ರೊಪೇನ್, ಬ್ಯೂಟೇನ್ ನಿಮ್ಮ 14.2 ಕಿಲೋ ಸಿಲಿಂಡರಿನ ದಾರಿ ಹಿಡಿದರೆ ಈಥೇನ್ ಪ್ಲಾಸ್ಟಿಕ್ ಕಾರ್ಖಾನೆಗೆ ಹೋಗುತ್ತದೆ. ಉಳಿದ ಮೀಥೇನ್ ಕೊಳವೆ ಸೇರುತ್ತದೆ. 2013ರಲ್ಲಿ ಚಾಲೂ ಆದ ದಾಭೋಳ್–ಬೆಂಗಳೂರು ಕೊಳವೆ ಮಾರ್ಗ ನಮ್ಮ ಜಿಲ್ಲೆಯನ್ನು ಹಾದೇ ಹೋಗುತ್ತದೆ.

ತಮಾಷೆ ಇರುವುದು ಕೊನೆಯಲ್ಲಿ. ಅಷ್ಟೆಲ್ಲ ಖರ್ಚು ಮಾಡಿ ನಾರುವ ಗಂಧಕವನ್ನು ತೆಗೆದ ಮೇಲೆ, ಊರಿನ ಪೈಪಿಗೆ ಬಿಡುವ ಮುನ್ನ ನಾವೇ ಇನ್ನೊಂದು ನಾರುವ ಗಂಧಕದ ರಾಸಾಯನಿಕ ಬೆರೆಸುತ್ತೇವೆ. ಶುದ್ಧ ಮೀಥೇನಿಗೆ ವಾಸನೆಯೇ ಇಲ್ಲ. 1937ರಲ್ಲಿ ಟೆಕ್ಸಸ್‌ನ ನ್ಯೂ ಲಂಡನ್ ಶಾಲೆಯಲ್ಲಿ ಸೋರಿದ ಗ್ಯಾಸ್ ಯಾರ ಮೂಗಿಗೂ ಬೀಳದೆ ಸ್ಫೋಟಿಸಿ ಮುನ್ನೂರರ ಹತ್ತಿರ ಜನ, ಹೆಚ್ಚಿನವರು ಮಕ್ಕಳು, ಸತ್ತರು. ಗಾಳಿಯಲ್ಲಿ ಮೀಥೇನ್ ಶೇ. 5 ಮುಟ್ಟಿದರೆ ಹೊತ್ತಿಕೊಳ್ಳುತ್ತದೆ. ಅದರ ಐದನೇ ಒಂದರಷ್ಟಿರುವಾಗಲೇ ಮೂಗಿಗೆ ಬಡಿಯುವಷ್ಟು ನಾತ ಸೇರಿಸಿರುತ್ತೇವೆ.

ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲ ಹಿಡಿಯುತ್ತದೆ. ಪೈಪಿನದು ಹಗುರ, ಸೂರಿಗೆ ಏರುತ್ತದೆ. ಆದ್ದರಿಂದ ಹೊಸ ಸಂಪರ್ಕ ಪಡೆದ ಮನೆಯಲ್ಲಿ ನಾನು ಮೊದಲು ನೋಡುವುದು ಒಲೆಯನ್ನಲ್ಲ, ಅಡುಗೆಮನೆ ಗೋಡೆಯ ಮೇಲ್ತುದಿಯ ಗವಾಕ್ಷಿಯನ್ನು. ಜಿರಳೆ ಬರುತ್ತದೆಂದು ಅದಕ್ಕೆ ರಟ್ಟು ಬಡಿದಿದ್ದರೆ, ರಟ್ಟು ಕೀಳುವವರೆಗೂ ವಾಲ್ವ್ ತಿರುಗಿಸುವುದಿಲ್ಲ.